ಕಿಂಡಿಯಿಂದ ನೋಡುವ ಕಣ್ಣು: ಒಬ್ಬ ನಿರ್ದೇಶಕನ ಚಿತ್ರಗಳನ್ನು ಓದುವ ಬಗೆ

ಸಿನಿಮಾ ನೋಡಿ ಬಂದವರನ್ನು ಹೇಗಿತ್ತು ಎಂದು ಕೇಳಿದರೆ ಹೆಚ್ಚಿನವರು ಕಥೆ ಹೇಳುತ್ತಾರೆ. ಇನ್ನೂ ಸ್ವಲ್ಪ ಕೆದಕಿದರೆ ನಟನೆ ಚೆನ್ನಾಗಿತ್ತು, ಛಾಯಾಗ್ರಹಣ ಸೊಗಸಾಗಿತ್ತು, ಕೊನೆಯಲ್ಲಿ ತುಸು ಎಳೆದಿದ್ದಾರೆ ಎಂಬ ಮಾತು ಬರುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಒಬ್ಬ ನಿರ್ದೇಶಕನ ಶೈಲಿಯ ಬಗ್ಗೆ ಬರೆಯಬೇಕೆಂದು ಹೊರಟವರಿಗೆ ಈ ಮಾತುಗಳು ಹೆಚ್ಚು ದೂರ ನಡೆಯಲು ಬಿಡುವುದಿಲ್ಲ. ‘ಸತ್ಯಜಿತ್ ರಾಯ್ ಅವರು ಮಾನವೀಯ ಅಂತಃಕರಣದ ನಿರ್ದೇಶಕರು’ ಎಂಬ ವಾಕ್ಯವನ್ನೇ ತೆಗೆದುಕೊಳ್ಳಿ. ಅದು ನಿಜ, ಆದರೆ ರಾಯ್ ಅವರ ಹೆಸರಿನ ಜಾಗದಲ್ಲಿ ಇನ್ನೂ ಐವತ್ತು ಹೆಸರುಗಳನ್ನು ಇಟ್ಟರೂ ಆ ವಾಕ್ಯ ನಿಜವಾಗಿಯೇ ಉಳಿಯುತ್ತದೆ. ರಾಯ್ ಅವರಿಗಲ್ಲದೆ ಬೇರೆ ಯಾರಿಗೂ ಹೊಂದದಂಥ ಒಂದು ವಾಕ್ಯವನ್ನು ತಲುಪುವುದು ಹೇಗೆ ಎಂಬುದನ್ನು ಹಂತಹಂತವಾಗಿ ತೋರಿಸುವುದು ಈ ಬರಹದ ಕೆಲಸ. ಉದಾಹರಣೆಗಳೆಲ್ಲ ಬಹುತೇಕ ಅವರ ಚಿತ್ರಗಳಿಂದಲೇ ಬಂದಿವೆ. ಕ್ರಮವನ್ನು ಯಾವ ನಿರ್ದೇಶಕನಿಗೂ ಅನ್ವಯಿಸಿಕೊಳ್ಳಬಹುದು.

ಈ ಬಗೆಯ ನೋಟ ಕನ್ನಡಿಗರಿಗೆ ಹೊಸದಲ್ಲ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ ನಡೆಸಿದ ಚಿತ್ರರಸಗ್ರಹಣ ಶಿಬಿರಗಳಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಪ್ರಾಧ್ಯಾಪಕ ಸತೀಶ್ ಬಹಾದ್ದೂರ್ ಅವರಂಥವರು ಚಿತ್ರಗಳನ್ನು ಬಿಡಿಸಿ ಬಿಡಿಸಿ ತೋರಿಸುತ್ತಿದ್ದರು. ರಾಯ್ ಅವರ ‘ಪಥೇರ್ ಪಾಂಚಾಲಿ’ಯನ್ನು ಷಾಟ್ ಷಾಟಾಗಿ (ಷಾಟ್ ಎಂದರೆ ಕ್ಯಾಮೆರಾ ಒಮ್ಮೆ ಶುರುವಾಗಿ ನಿಲ್ಲುವವರೆಗಿನ ತುಣುಕು) ಕಲಿಸುವುದರಲ್ಲಿ ಬಹಾದ್ದೂರ್ ಅವರದು ದೊಡ್ಡ ಹೆಸರು. ಅಡಿಕೆ ತೋಟದ ಊರಿನಲ್ಲಿ ಕುಳಿತು ಬಂಗಾಳದ ಹಳ್ಳಿಯ ಚಿತ್ರವನ್ನು ಓದಲು ಕಲಿತವರು ನಮ್ಮಲ್ಲಿ ಅನೇಕರಿದ್ದಾರೆ.

ಮೊದಲ ಹೆಜ್ಜೆ: ಚಿತ್ರಗಳನ್ನು ಆರಿಸುವುದು

ಒಂದೇ ಚಿತ್ರದಿಂದ ಶೈಲಿ ತಿಳಿಯುವುದಿಲ್ಲ. ಒಂದು ಚಿತ್ರದಲ್ಲಿ ಕಂಡದ್ದು ಆ ಕಥೆಯ ಅಗತ್ಯವೋ, ಆ ದಿನದ ಬಿಸಿಲಿನ ಕೃಪೆಯೋ, ನಿರ್ದೇಶಕನ ಅಭ್ಯಾಸವೋ ಎಂದು ಹೇಳಲು ಬರುವುದಿಲ್ಲ. ಹಾಗೆಂದು ಎಲ್ಲ ಚಿತ್ರಗಳನ್ನೂ ನೋಡಿ ಮುಗಿಸಿದ ಮೇಲೆಯೇ ಬರೆಯುತ್ತೇನೆಂದು ಕುಳಿತವರು ಬರೆಯುವುದೇ ಇಲ್ಲ. ಮೂರು ಚಿತ್ರಗಳು ಸಾಕು, ಜೊತೆಗೆ ನಿಮ್ಮ ಅಭಿಪ್ರಾಯಕ್ಕೆ ಎದುರು ನಿಲ್ಲಬಹುದಾದ ಇನ್ನೊಂದು ಚಿತ್ರವಿರಲಿ. ಇಲ್ಲಿ ಆ ಮೂರು, 1955ರ ‘ಪಥೇರ್ ಪಾಂಚಾಲಿ’, 1959ರ ‘ಅಪೂರ್ ಸಂಸಾರ್’ ಮತ್ತು 1964ರ ‘ಚಾರುಲತಾ’. ಎದುರಾಳಿಯಾಗಿ 1970ರ ‘ಪ್ರತಿದ್ವಂದಿ’. ಮೊದಲನೆಯದು ಹಳ್ಳಿಯ ಬಡತನದ ಕಥೆ, ಎರಡನೆಯದು ಕಲ್ಕತ್ತೆಯ ಮಾಳಿಗೆಯ ಬಾಡಿಗೆ ಕೋಣೆಯದು, ಮೂರನೆಯದು ಹತ್ತೊಂಬತ್ತನೇ ಶತಮಾನದ ಸಿರಿವಂತರ ಮನೆಯದು. ಕಥೆ, ಕಾಲ, ವರ್ಗ ಇಷ್ಟು ಬೇರೆಯಾಗಿದ್ದೂ ಮೂರರಲ್ಲೂ ಒಂದೇ ಬಗೆಯ ತೀರ್ಮಾನ ಕಂಡರೆ ಅದನ್ನು ಶೈಲಿ ಎನ್ನಲು ಧೈರ್ಯ ಬರುತ್ತದೆ.

ಎರಡನೆಯ ಹೆಜ್ಜೆ: ಎರಡು ಬಾರಿ ನೋಡುವುದು

ಮೊದಲ ಸಲ ಪೆನ್ನು ಮುಟ್ಟಬೇಡಿ. ಕತ್ತಲಲ್ಲಿ ಗೀಚುತ್ತಾ ಕುಳಿತವರಿಗೆ ಚಿತ್ರ ಮೈಗೆ ಹತ್ತುವುದಿಲ್ಲ. ಯಾವ ಕ್ಷಣದಲ್ಲಿ ಗಂಟಲು ಬಿಗಿಯಿತು, ಎಲ್ಲಿ ಬೇಸರವಾಯಿತು ಎಂಬುದು ಮುಂದಿನ ಕೆಲಸಕ್ಕೆ ದೊಡ್ಡ ಸುಳಿವು. ಚಿತ್ರ ಮುಗಿದ ಅರ್ಧ ಗಂಟೆಯೊಳಗೆ ನೆನಪಿನಲ್ಲಿ ಉಳಿದ ಐದಾರು ಕ್ಷಣಗಳನ್ನು ಮಾತ್ರ ಬರೆದಿಡಿ. ಎರಡನೆಯ ಸಲ ಆ ಐದಾರು ದೃಶ್ಯಗಳಿಗೇ ಹೋಗಿ, ನಿಲ್ಲಿಸಿ, ಹಿಂದೆ ತಿರುಗಿಸಿ ನೋಡಿ.

ಈಗ ಬರೆಯುವಾಗ ಪಾಲಿಸಬೇಕಾದ ಕಟ್ಟುನಿಟ್ಟಿನ ನಿಯಮವೊಂದಿದೆ: ಕಂಡದ್ದನ್ನು ಮತ್ತು ಕೇಳಿದ್ದನ್ನು ಮಾತ್ರ ಬರೆಯಬೇಕು, ಅರ್ಥವನ್ನು ಬರೆಯಬಾರದು. ನನ್ನ ಮೊದಲ ನೋಟುಪುಸ್ತಕ ಈಗಲೂ ನನ್ನ ಬಳಿ ಇದೆ. ಅದರಲ್ಲಿ ‘ಮನಕಲಕುವ ದೃಶ್ಯ’, ‘ಅದ್ಭುತ ರೂಪಕ’, ‘ಕಾವ್ಯಾತ್ಮಕ’ ಎಂಬ ಮಾತುಗಳು ಪುಟಕ್ಕೆ ನಾಲ್ಕರಂತೆ ಇವೆ. ಆ ದೃಶ್ಯ ಯಾವುದು, ಕ್ಯಾಮೆರಾ ಎಲ್ಲಿತ್ತು, ಏನು ಕೇಳಿಸಿತು ಎಂಬುದು ಒಂದೂ ಇಲ್ಲ. ಹತ್ತು ವರ್ಷ ಬಿಟ್ಟು ಓದಿದರೆ ಯಾವ ಚಿತ್ರದ ಟಿಪ್ಪಣಿ ಎಂದು ನನಗೇ ತಿಳಿಯದು. ವಿಶೇಷಣ ಹಾಕುವ ಆಸೆಯಾದಾಗಲೆಲ್ಲ ಅದರ ಬದಲು ಒಂದು ವಸ್ತುವಿನ ಹೆಸರು ಬರೆಯುವ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ಮೂರನೆಯ ಹೆಜ್ಜೆ: ಒಂದು ದೃಶ್ಯವನ್ನು ಬಿಡಿಸುವುದು

ಇಡೀ ವಿಶ್ಲೇಷಣೆಯ ತಳಪಾಯ ಇದೇ ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಪ್ರತಿ ಷಾಟಿಗೂ ಐದು ಸಂಗತಿಗಳನ್ನು ಬರೆದುಕೊಳ್ಳಬೇಕು: ಕ್ಯಾಮೆರಾ ವ್ಯಕ್ತಿಯಿಂದ ಎಷ್ಟು ದೂರದಲ್ಲಿದೆ, ಕಣ್ಣಿನ ಮಟ್ಟದಲ್ಲಿದೆಯೋ ಮೇಲಿದೆಯೋ ಕೆಳಗಿದೆಯೋ, ಅದು ಚಲಿಸುತ್ತದೆಯೋ ನಿಂತಿದೆಯೋ, ಬೆಳಕು ಎಲ್ಲಿಂದ ಬರುತ್ತಿದೆ, ಏನು ಕೇಳಿಸುತ್ತಿದೆ. ಆರನೆಯದನ್ನು ಬೇಕಿದ್ದರೆ ಸೇರಿಸಿಕೊಳ್ಳಿ: ಈ ಷಾಟಿನಲ್ಲಿ ನೋಡುತ್ತಿರುವವರು ಯಾರು? ಚಿತ್ರದೊಳಗಿನ ಪಾತ್ರವೋ, ಹೊರಗೆ ಕುಳಿತ ನಾವೋ?

‘ಚಾರುಲತಾ’ದ ಆರಂಭವನ್ನು ಹೀಗೆ ಬಿಡಿಸಿ ನೋಡಬಹುದು. ಸುಮಾರು ಏಳು ನಿಮಿಷಗಳ ಈ ಭಾಗದಲ್ಲಿ ಮಾತು ಇಲ್ಲವೆನ್ನುವಷ್ಟು ಕಡಿಮೆ. ಹೆಸರುಗಳು ಬರುವಾಗ ತೆರೆಯ ಮೇಲೆ ಇರುವುದು ಎರಡು ಕೈಗಳು. ಅವು ಒಂದು ಕರವಸ್ತ್ರದ ಮೇಲೆ ‘ಬಿ’ ಎಂಬ ಇಂಗ್ಲಿಷ್ ಅಕ್ಷರವನ್ನು ಕಸೂತಿಯಲ್ಲಿ ಮೂಡಿಸುತ್ತಿವೆ. ಗಂಡನ ಹೆಸರು ಭೂಪತಿ. ಗಡಿಯಾರ ನಾಲ್ಕು ಹೊಡೆಯುತ್ತದೆ. ಚಾರು ಎದ್ದು, ಗಂಡನಿಗೆ ಚಹಾ ಕೊಂಡೊಯ್ಯಲು ಆಳಿಗೆ ಹೇಳುತ್ತಾಳೆ. ಮತ್ತೆ ಕೆಲಸವಿಲ್ಲ. ಪುಸ್ತಕದ ಕಪಾಟಿನ ಮುಂದೆ ನಿಂತು ಬಂಕಿಮಚಂದ್ರರ ಹೆಸರನ್ನು ರಾಗವಾಗಿ ಗುನುಗುತ್ತಾ ಒಂದು ಪುಸ್ತಕ ಎಳೆಯುತ್ತಾಳೆ. ಬೀದಿಯಿಂದ ಸದ್ದು ಕೇಳುತ್ತದೆ. ಅವಳು ಕೋಣೆಗೆ ಓಡಿಹೋಗಿ ಹಿಡಿಯಿರುವ ಪುಟ್ಟ ದುರ್ಬೀನು ತಂದು, ಕಿಟಕಿಯ ಪಟ್ಟಿಗಳ ಸಂದಿಯಿಂದ ಬೀದಿಯನ್ನು ನೋಡುತ್ತಾಳೆ: ಮಂಗ ಆಡಿಸುವವನು, ಪಲ್ಲಕ್ಕಿ ಹೊತ್ತವರು, ಕೊಡೆ ಹಿಡಿದು ಹೋಗುವ ಒಬ್ಬ ದಪ್ಪ ಮನುಷ್ಯ. ಒಂದು ಕಿಟಕಿಯಿಂದ ಅವರು ಮರೆಯಾದರೆ ಮುಂದಿನ ಕಿಟಕಿಗೆ ಓಡುತ್ತಾಳೆ. ಮನೆಯೊಳಗೆ ಅವಳು ಬೀದಿಗೆ ಸಮಾನಾಂತರವಾಗಿ ನಡೆಯುತ್ತಿದ್ದಾಳೆ, ಬೀದಿಗೆ ಇಳಿಯುವುದಿಲ್ಲ.

ಆಮೇಲೆ ಭೂಪತಿ ಬರುತ್ತಾನೆ. ಕೈಯಲ್ಲಿ ಪುಸ್ತಕ, ಕಣ್ಣು ಪುಸ್ತಕದಲ್ಲೇ. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ ನಿಂತ ಹೆಂಡತಿಯನ್ನು ಕಾಣದೆ ಹಾದುಹೋಗುತ್ತಾನೆ. ಚಾರು ಬೀದಿಯವರನ್ನು ನೋಡಿದ ಅದೇ ದುರ್ಬೀನನ್ನು ಎತ್ತಿ, ದೂರ ಸಾಗುತ್ತಿರುವ ಗಂಡನ ಬೆನ್ನನ್ನು ನೋಡುತ್ತಾಳೆ. ಅವನು ಮರೆಯಾಗುತ್ತಾನೆ. ಅವಳ ಕೈ ಕೆಳಗಿಳಿಯುತ್ತದೆ, ಆ ಕ್ಷಣಕ್ಕೆ ಸರಿಯಾಗಿ ಕ್ಯಾಮೆರಾ ಅವಳಿಂದ ಸರ್ರನೆ ಹಿಂದಕ್ಕೆ ಸರಿಯುತ್ತದೆ.

ಇಷ್ಟು ಬರೆದ ಮೇಲೆ, ಮತ್ತು ಇಷ್ಟು ಬರೆದ ಮೇಲೆ ಮಾತ್ರ, ಪ್ರಶ್ನೆ ಕೇಳಬೇಕು. ಅಲ್ಲಿಯವರೆಗೆ ಅವಳ ಜೊತೆ ಹೆಜ್ಜೆ ಹಾಕುತ್ತಿದ್ದ ಕ್ಯಾಮೆರಾ ಈಗೇಕೆ ಹಿಂದೆ ಸರಿಯಿತು? ಏಳು ನಿಮಿಷ ಅವಳು ನೋಡುವವಳು, ಈ ಕೊನೆಯ ಚಲನೆಯಲ್ಲಿ ಅವಳು ನೋಡಲ್ಪಡುವವಳು. ದೂರದ್ದನ್ನು ಹತ್ತಿರಕ್ಕೆ ತರಲು ಇರುವ ಉಪಕರಣವನ್ನು ಮನೆಯೊಳಗಿನ ಗಂಡನ ಮೇಲೆ ಬಳಸಬೇಕಾಗಿ ಬಂದಿದೆ ಎಂಬುದನ್ನು ಯಾವ ಪಾತ್ರವೂ ಬಾಯಿಬಿಟ್ಟು ಹೇಳಿಲ್ಲ. ‘ಚಾರುವಿನ ಒಂಟಿತನ’ ಎಂಬ ಪದ ಈಗ ಬರೆದರೆ ಅದರ ಹಿಂದೆ ಒಂದು ದುರ್ಬೀನು, ನಾಲ್ಕಾರು ಕಿಟಕಿ, ಒಂದು ಬೆನ್ನು ಇರುತ್ತವೆ.

ಷಾಟಿನ ಪರಿಭಾಷೆಯ ಬಗ್ಗೆ ಒಂದು ಮಾತು. ಕ್ಲೋಸಪ್, ಲಾಂಗ್ ಷಾಟ್, ಜೂಮ್, ಟ್ರ್ಯಾಕಿಂಗ್ ಎಂಬ ಪದಗಳನ್ನು ತಿಳಿದಿರುವುದು ಒಳ್ಳೆಯದು. ಆದರೆ ‘ಇಲ್ಲಿ ಕ್ಲೋಸಪ್ ಬಳಸಲಾಗಿದೆ’ ಎಂದು ಬರೆದು ಮುಂದಿನ ಸಾಲಿಗೆ ಹೋಗುವುದು, ಅಡುಗೆಯ ರುಚಿ ಕೇಳಿದವರಿಗೆ ಉಪ್ಪು ಹಾಕಿದೆ ಎಂದು ಉತ್ತರಿಸಿದಂತೆ.

ನಾಲ್ಕನೆಯ ಹೆಜ್ಜೆ: ಕಣ್ಣು ಮುಚ್ಚಿ ಕೇಳುವುದು

ಆರಿಸಿದ ದೃಶ್ಯಗಳನ್ನು ಒಮ್ಮೆ ತೆರೆಯತ್ತ ನೋಡದೆ ಕೇವಲ ಕೇಳಿ. ಹೆಚ್ಚಿನ ವಿಮರ್ಶೆಗಳು ಶಬ್ದವನ್ನು ‘ಹಿನ್ನೆಲೆ ಸಂಗೀತ ಪೂರಕವಾಗಿದೆ’ ಎಂಬ ಒಂದು ಸಾಲಿನಲ್ಲಿ ತೀರಿಸಿಬಿಡುತ್ತವೆ. ನಿರ್ದೇಶಕನ ಎಷ್ಟೋ ಮುಖ್ಯ ತೀರ್ಮಾನಗಳು ಅಡಗಿರುವುದು ಅಲ್ಲಿಯೇ.

‘ಪಥೇರ್ ಪಾಂಚಾಲಿ’ಯಲ್ಲಿ ಹರಿಹರ ಬಹುಕಾಲದ ಮೇಲೆ ಊರಿಗೆ ಮರಳುತ್ತಾನೆ. ಅವನು ಇಲ್ಲದಾಗ ಮಗಳು ದುರ್ಗಾ ಜ್ವರದಿಂದ ತೀರಿಕೊಂಡಿದ್ದಾಳೆ. ಅವನಿಗೆ ಅದು ಗೊತ್ತಿಲ್ಲ. ತಂದ ಸಾಮಾನುಗಳನ್ನು ಒಂದೊಂದಾಗಿ ತೋರಿಸುತ್ತಾ, ದುರ್ಗಾಳಿಗೆಂದು ತಂದ ಸೀರೆಯನ್ನು ಹೆಂಡತಿ ಸರ್ವಜಯಾಳ ಕೈಗಿಡುತ್ತಾನೆ. ಅಲ್ಲಿಯವರೆಗೆ ಮಾತನಾಡದೆ ಇದ್ದ ಅವಳು ಸೀರೆಯನ್ನು ಬಾಯಿಗೆ ಒತ್ತಿಕೊಂಡು ಕುಸಿಯುತ್ತಾಳೆ. ಅವಳ ಅಳು ನಮಗೆ ಕೇಳಿಸುವುದಿಲ್ಲ. ಆ ಜಾಗದಲ್ಲಿ ಕಮಾನಿನಿಂದ ನುಡಿಸುವ ತಂತಿವಾದ್ಯವಾದ ತಾರಶೆಹನಾಯಿಯ ಎತ್ತರದ ಸ್ವರ ಬರುತ್ತದೆ. ಸಂಗೀತ ರವಿಶಂಕರ್ ಅವರದು. ನಟಿಯ ಕಂಠದಿಂದ ಬರಬೇಕಾದದ್ದನ್ನು ತೆಗೆದು ವಾದ್ಯಕ್ಕೆ ಕೊಟ್ಟದ್ದರಿಂದ ಆ ಅಳು ಒಬ್ಬ ಹೆಂಗಸಿನದಷ್ಟೇ ಆಗಿ ಉಳಿಯುವುದಿಲ್ಲ. ಹೇಳಬೇಕೆಂದರೆ, ಅದಕ್ಕಿಂತ ಜೋರಾದ ಅಳುವನ್ನು ನಾನು ತೆರೆಯ ಮೇಲೆ ಕೇಳಿಲ್ಲ.

ಶಬ್ದದಲ್ಲಿ ಗುರುತು ಹಾಕಬೇಕಾದದ್ದು ಮುಖ್ಯವಾಗಿ ಎರಡು: ಚೌಕಟ್ಟಿನ ಹೊರಗಿನಿಂದ ಬರುವ ಸದ್ದು, ಮತ್ತು ಬರಬೇಕಾಗಿದ್ದೂ ಬಾರದ ಸದ್ದು. ಚಾರು ಕಿಟಕಿಗೆ ಓಡುವುದು ಮೊದಲನೆಯದರಿಂದ. ಸರ್ವಜಯಾಳ ಅಳು ಎರಡನೆಯದು.

ಐದನೆಯ ಹೆಜ್ಜೆ: ಮರುಕಳಿಸುವುದನ್ನು ಹಿಡಿಯುವುದು

ಈಗ ಮೂರೂ ಚಿತ್ರಗಳ ಟಿಪ್ಪಣಿಗಳನ್ನು ಅಕ್ಕಪಕ್ಕ ಹರಡಿಕೊಂಡು, ಒಂದಕ್ಕಿಂತ ಹೆಚ್ಚು ಕಡೆ ಬಂದ ವಸ್ತು, ಭಂಗಿ, ಚಲನೆಗಳಿಗೆ ಗೆರೆ ಎಳೆಯಿರಿ. ಮೊದಲು ಕಣ್ಣಿಗೆ ಬೀಳುವುದು ಎಲ್ಲರಿಗೂ ಗೊತ್ತಿರುವಂಥದ್ದೇ ಆಗಿರುತ್ತದೆ. ಹರಿಹರನ ಮಗ ಅಪುವಿನ ಬದುಕನ್ನು ಹೇಳುವ ಮೂರು ಚಿತ್ರಗಳಲ್ಲಿ, ಅಂದರೆ ಅಪು ಚಿತ್ರತ್ರಯದಲ್ಲಿ, ಅದು ರೈಲು. ‘ಪಥೇರ್ ಪಾಂಚಾಲಿ’ಯಲ್ಲಿ ಬಿಳಿಯ ಕಾಶ್ ಹುಲ್ಲಿನ ಬಯಲಿನಾಚೆ ಹಾಯುವ ರೈಲು ಮಕ್ಕಳಿಗೆ ಬೆರಗು. ಕ್ಯಾಮೆರಾ ಆ ಕ್ಷಣದಲ್ಲಿ ಹಳಿಯ ಆಚೆ ಬದಿಗೆ ದಾಟಿ, ಓಡುವ ಚಕ್ರಗಳ ನಡುವಿನಿಂದ ಅಪುವನ್ನು ತೋರಿಸುತ್ತದೆ. 1956ರ ‘ಅಪರಾಜಿತೊ’ದಲ್ಲಿ ಅದೇ ರೈಲು, ಓದಲು ಹೋದ ಮಗ ಬರುವನೇನೋ ಎಂದು ಕಾಯುವ ತಾಯಿಯ ಕಣ್ಣ ಮುಂದೆ ದೂರದಲ್ಲಿ ಹಾದುಹೋಗುತ್ತದೆ. ‘ಅಪೂರ್ ಸಂಸಾರ್’ಗೆ ಬರುವಷ್ಟರಲ್ಲಿ ಅಪುವಿನ ಕೋಣೆ ಹಳಿಯ ಪಕ್ಕದಲ್ಲೇ ಇದೆ, ಬೆರಗಿಲ್ಲ, ಬರಿಯ ಕಿವಿಗಡಚಿಕ್ಕುವ ಶಿಳ್ಳೆ, ಹೆಂಡತಿ ಸತ್ತ ಮೇಲೆ ಅವನು ಸಾಯಲೆಂದು ಹೋಗಿ ನಿಲ್ಲುವುದೂ ಹಳಿಯ ಬಳಿಯೇ. ಒಂದೇ ವಸ್ತು, ಬದಲಾಗುವ ಅರ್ಥ. ಇದನ್ನು ಗುರುತಿಸಿ, ಆದರೆ ಇಲ್ಲಿಯೇ ನಿಲ್ಲಬೇಡಿ. ರೈಲಿನ ಬಗ್ಗೆ ಎಲ್ಲರೂ ಬರೆದಿದ್ದಾರೆ. ಅದೂ ಅಲ್ಲದೆ ಅದು ಒಂದೇ ಕಥೆಯ ಮೂರು ಭಾಗಗಳಲ್ಲಿ ಬರುವ ವಸ್ತು, ‘ಚಾರುಲತಾ’ಕ್ಕೆ ಅದು ಬರುವುದಿಲ್ಲ. ಕಥೆ ಬದಲಾದರೂ ಬಿಡದೆ ಬರುವುದು ಯಾವುದು?

ಟಿಪ್ಪಣಿಗಳಿಗೆ ಮರಳಿ. ‘ಪಥೇರ್ ಪಾಂಚಾಲಿ’ಯಲ್ಲಿ ಕೂಸಾಗಿದ್ದ ಅಪು ಹುಡುಗನಾದ ಮೇಲೆ ಅವನನ್ನು ನಾವು ಮೊದಲು ಕಾಣುವುದು ಹೇಗೆ? ಮುಸುಕು ಹೊದ್ದು ಮಲಗಿದ್ದಾನೆ. ಅವನನ್ನು ಎಬ್ಬಿಸಲು ಬಂದ ದುರ್ಗಾ ಹರಿದ ಹೊದಿಕೆಯ ತೂತನ್ನು ಅಗಲಿಸುತ್ತಾಳೆ. ಅದರೊಳಗೆ ಒಂದು ಕಣ್ಣು ಮಾತ್ರ ಇದೆ, ಅದು ತೆರೆದುಕೊಳ್ಳುತ್ತದೆ. ‘ಅಪೂರ್ ಸಂಸಾರ್’ನಲ್ಲಿ ಮದುವೆಯಾದ ಮರುಗಳಿಗೆಯಲ್ಲೇ ಊರು ಬಿಟ್ಟು ಬಂದ ಅಪರ್ಣಾ, ಗಂಡನ ಹರಕು ಕೋಣೆಯಲ್ಲಿ ಅಳುತ್ತಾ ಕಿಟಕಿಯ ಬಳಿ ನಿಂತು, ಪರದೆಯ ತೂತಿನಿಂದ ಕೆಳಗಿನ ಅಂಗಳದಲ್ಲಿ ಆಡುವ ಒಂದು ಮಗುವನ್ನು, ಅದರ ತಾಯಿಯನ್ನು ನೋಡುತ್ತಾಳೆ. ಚಾರುವಿನದು ಕಿಟಕಿಯ ಸಂದಿ ಮತ್ತು ದುರ್ಬೀನು. ಮುಂದೆ ತೋಟದ ಉಯ್ಯಾಲೆಯಲ್ಲಿ ಕುಳಿತಾಗ ಅದೇ ದುರ್ಬೀನಿನಿಂದ ಆಚೆ ಮನೆಯ ಕಿಟಕಿಯಲ್ಲಿ ಕೂಸನ್ನೆತ್ತಿಕೊಂಡ ಹೆಂಗಸೊಬ್ಬಳನ್ನು ನೋಡುತ್ತಾಳೆ, ಅಲ್ಲಿಂದ ದುರ್ಬೀನು ಹುಲ್ಲಿನ ಮೇಲೆ ಮಲಗಿ ಬರೆಯುತ್ತಿರುವ ಮೈದುನ ಅಮಲನ ಕಡೆಗೆ ತಿರುಗುತ್ತದೆ. ಅವಳ ಮುಖದಲ್ಲಿ ಏನೋ ಬದಲಾಗುತ್ತದೆ.

ಹೊದಿಕೆಯ ತೂತು, ಪರದೆಯ ತೂತು, ಕಿಟಕಿಯ ಸಂದಿ. ಒಂಬತ್ತು ವರ್ಷಗಳ ಅಂತರದಲ್ಲಿ, ಒಂದನ್ನೊಂದು ಹೋಲದ ಮೂರು ಲೋಕಗಳಲ್ಲಿ ಒಂದೇ ಆಕಾರ: ಕಿಂಡಿಯಿಂದ ನೋಡುವ ಕಣ್ಣು. ಅಪರ್ಣಾ ಮತ್ತು ಚಾರು ಇಬ್ಬರೂ ಕಿಂಡಿಯಾಚೆ ತಾಯಿ-ಮಗುವನ್ನೇ ಕಾಣುವುದನ್ನೂ ಗಮನಿಸಿ. ಹೀಗೆ ಸಿಕ್ಕ ಎಳೆ ನಿಮ್ಮ ಸ್ವಂತದ್ದು. ಇನ್ನು ಅದನ್ನೇ ಹಿಡಿದು ನಡೆಯಬೇಕು.

ಆರನೆಯ ಹೆಜ್ಜೆ: ಆಕಾರದಿಂದ ಆಶಯಕ್ಕೆ

ಆಶಯವನ್ನು ಹೇಳುವಾಗ ‘ಬಡತನ’, ‘ಪ್ರೀತಿ’, ‘ಸಾವು’ ಎಂಬ ಒಂಟಿ ಪದಗಳಲ್ಲಿ ಹೇಳಬೇಡಿ. ಪೂರ್ಣ ವಾಕ್ಯದಲ್ಲಿ, ಕ್ರಿಯಾಪದ ಇಟ್ಟು ಹೇಳಿ. ಕಿಂಡಿಯ ಎಳೆಯಿಂದ ನಾನು ಕಟ್ಟುವ ವಾಕ್ಯ ಇದು: ರಾಯ್ ಅವರ ಈ ಚಿತ್ರಗಳಲ್ಲಿ ಮನುಷ್ಯರು ಒಂದು ಹೊಸ ಲೋಕವನ್ನು ಸಂದಿಯಿಂದ ಕಾಣುತ್ತಾರೆ, ಅದರತ್ತ ಎಳೆಯಲ್ಪಡುತ್ತಾರೆ, ದಾಟುವವರು ಹಿಂದೆ ಯಾರನ್ನೋ ಕಳೆದುಕೊಳ್ಳುತ್ತಾರೆ, ದಾಟದವರು ಕಂಡದ್ದನ್ನು ಮರೆಯಲಾರದೆ ಉಳಿಯುತ್ತಾರೆ. ಅಪು ದಾಟುತ್ತಾನೆ; ಅಕ್ಕ, ತಂದೆ, ತಾಯಿ, ಹೆಂಡತಿ ಒಬ್ಬೊಬ್ಬರಾಗಿ ಹಿಂದೆ ಉಳಿಯುತ್ತಾರೆ. ಚಾರು ದಾಟುವುದಿಲ್ಲ.

ವಾಕ್ಯ ಕಟ್ಟಿದ ಕೂಡಲೇ ಅದನ್ನು ಇನ್ನೊಂದು ದೃಶ್ಯದ ಮೇಲೆ ಉಜ್ಜಿ ನೋಡಬೇಕು. ‘ಪಥೇರ್ ಪಾಂಚಾಲಿ’ಯ ಕೊನೆಯಲ್ಲಿ ಮನೆ ಖಾಲಿ ಮಾಡುವಾಗ ಅಪು ಅಟ್ಟಣಿಗೆಯಿಂದ ಒಂದು ತೆಂಗಿನ ಕರಟ ಇಳಿಸುತ್ತಾನೆ. ಅದರಲ್ಲಿ ಜೇಡದ ಜೊತೆಗೆ ಒಂದು ಮಣಿಸರ. ದುರ್ಗಾ ಕದ್ದಳೆಂದು ನೆರೆಯವರು ಆರೋಪಿಸಿದ, ಅವಳು ಇಲ್ಲವೆಂದ, ಅದಕ್ಕಾಗಿ ತಾಯಿಯಿಂದ ಹೊಡೆತ ತಿಂದ ಸರ. ಅವನು ಯಾರಿಗೂ ಹೇಳದೆ ಓಡಿಹೋಗಿ ಅದನ್ನು ಕೆರೆಗೆ ಎಸೆಯುತ್ತಾನೆ. ನೀರಿನ ಮೇಲಿನ ಪಾಚಿ ಬಿರಿದು ಒಂದು ಕಪ್ಪು ಕಿಂಡಿಯಾಗುತ್ತದೆ. ನಿಧಾನವಾಗಿ ಪಾಚಿ ಸುತ್ತಲಿಂದ ಕೂಡಿಕೊಂಡು ಕಿಂಡಿ ಮುಚ್ಚಿಹೋಗುತ್ತದೆ. ಹುಡುಗ ನೋಡುತ್ತಾ ನಿಂತಿದ್ದಾನೆ. ಅಕ್ಕ ತೆರೆಸಿದ ಕಣ್ಣು ಈಗ ಅಕ್ಕನ ಗುಟ್ಟನ್ನು ಮುಚ್ಚುತ್ತಿದೆ. ಎಳೆ ಗಟ್ಟಿಯಾಗಿದೆ ಎಂದು ನನಗೆ ನಂಬಿಕೆ ಬಂದದ್ದು ಇಲ್ಲಿ.

ಇದೇ ರೀತಿ ಬಳಕೆಯಲ್ಲಿರುವ ಅಭಿಪ್ರಾಯಗಳನ್ನೂ ಪರೀಕ್ಷಿಸಿ. ರಾಯ್ ಚಿತ್ರಗಳಲ್ಲಿ ಖಳರೇ ಇಲ್ಲ ಎನ್ನುವುದುಂಟು. ‘ಚಾರುಲತಾ’ದಲ್ಲಿ ಚಾರುವಿನ ಅಣ್ಣ ಉಮಾಪದ ಭೂಪತಿಯ ದುಡ್ಡು ನುಂಗಿ ಓಡಿಹೋಗುತ್ತಾನಲ್ಲ? ವಂಚಕನಿದ್ದಾನೆ, ಆದರೆ ಚಿತ್ರ ಅವನ ಬೆನ್ನು ಹತ್ತುವುದಿಲ್ಲ. ವಂಚನೆಗೊಳಗಾದವನ ಮುಖದ ಮೇಲೆ ನಿಲ್ಲುತ್ತದೆ. ಹಾಗಾದರೆ ಹೇಳಬೇಕಾದದ್ದು ಖಳರಿಲ್ಲ ಎಂದಲ್ಲ, ಖಳರಿಗೆ ಕೊಡುವ ಷಾಟುಗಳು ಕಡಿಮೆ ಎಂದು.

ಏಳನೆಯ ಹೆಜ್ಜೆ: ಮೂಲಕೃತಿಯ ಪಕ್ಕದಲ್ಲಿಟ್ಟು ನೋಡುವುದು

ಚಿತ್ರಕ್ಕೆ ಸಾಹಿತ್ಯಕೃತಿಯೊಂದು ಆಧಾರವಾಗಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಮೂಲಕ್ಕೆ ನಿಷ್ಠವಾಗಿದೆಯೇ ಎಂದು ಅಂಕ ಕೊಡುವುದು ನಮ್ಮ ಕೆಲಸವಲ್ಲ. ಎಲ್ಲಿ ಬದಲಾಗಿದೆಯೋ ಅಲ್ಲಿ ನಿರ್ದೇಶಕನ ಬೆರಳಚ್ಚು ಸಿಗುತ್ತದೆ. ‘ಚಾರುಲತಾ’ಕ್ಕೆ ಆಧಾರ ರವೀಂದ್ರನಾಥ ಠಾಕೂರರ ‘ನಷ್ಟನೀಡ’. ಅದರ ಕೊನೆಯಲ್ಲಿ ದೂರದೂರಿಗೆ ಹೊರಟ ಭೂಪತಿಯನ್ನು ತನ್ನನ್ನೂ ಕರೆದೊಯ್ಯುವಂತೆ ಚಾರು ಕೇಳುತ್ತಾಳೆ. ಅವನು ಆಗದೆಂದು, ಮತ್ತೆ ಮನಸ್ಸು ಬದಲಿಸಿ ಬಾ ಎನ್ನುತ್ತಾನೆ. ಅವಳು ‘ಬೇಡ, ಇರಲಿ’ ಎಂಬರ್ಥದ ಒಂದು ಮಾತು ಹೇಳುತ್ತಾಳೆ. ಕಥೆ ಅಲ್ಲಿಗೆ ನಿಲ್ಲುತ್ತದೆ. ಸಾಹಿತ್ಯದಲ್ಲಿ ಆ ಒಂದು ಮಾತಿಗೆ ಬಾಗಿಲು ಮುಚ್ಚುವ ಶಕ್ತಿಯಿದೆ.

ರಾಯ್ ಆ ಮಾತನ್ನು ಬಿಟ್ಟುಕೊಟ್ಟಿದ್ದಾರೆ. ಚಿತ್ರದಲ್ಲಿ ಭೂಪತಿ ಊರು ಸುತ್ತಿ ಮನೆಗೆ ಮರಳುತ್ತಾನೆ. ಬಾಗಿಲಲ್ಲಿ ಚಾರು ಬಾ ಎಂದು ಕೈ ಚಾಚುತ್ತಾಳೆ. ಅವನ ಕೈಯೂ ಅನುಮಾನಿಸುತ್ತಾ ಮುಂದೆ ಬರುತ್ತದೆ. ಎರಡು ಕೈಗಳು ಸೇರುವ ಮೊದಲೇ ಚಿತ್ರ ಸ್ತಬ್ಧವಾಗುತ್ತದೆ: ಕೈಗಳು, ಅವಳ ಮುಖ, ಅವನ ಮುಖ, ದೀಪ ಹಿಡಿದು ನಿಂತ ಆಳು, ಒಂದೊಂದೂ ನಿಶ್ಚಲ ಚಿತ್ರ. ಕೊನೆಗೆ ಮೂಲಕಥೆಯ ಹೆಸರು ತೆರೆಯ ಮೇಲೆ ಬರುತ್ತದೆ. ಎರಡು ಕೈಗಳ ನಡುವೆ ಉಳಿದ ಆ ಸಂದಿಯನ್ನು ಕಿಂಡಿಯ ಎಳೆಗೆ ಸೇರಿಸಬಹುದೇ? ಸೇರಿಸಬಹುದು ಎಂದು ನನ್ನ ಆಸೆ. ಆದರೆ ಇಲ್ಲಿ ಯಾರೂ ಸಂದಿಯಿಂದ ನೋಡುತ್ತಿಲ್ಲ, ಆದ್ದರಿಂದ ನಾನು ಸೇರಿಸುವುದಿಲ್ಲ. ಎಳೆ ಸಿಕ್ಕಿತೆಂದು ಕಂಡದ್ದನ್ನೆಲ್ಲ ಅದಕ್ಕೆ ಪೋಣಿಸುವ ಚಪಲ ವಿಶ್ಲೇಷಕರಿಗೆ ಸಹಜವಾಗಿ ಅಂಟಿಕೊಳ್ಳುವ ಕಾಯಿಲೆ.

ಎಂಟನೆಯ ಹೆಜ್ಜೆ: ಯಾರ ಕೈಕೆಲಸ, ಯಾವ ಸಂದರ್ಭ

ತೆರೆಯ ಮೇಲಿರುವುದೆಲ್ಲ ನಿರ್ದೇಶಕನದೇ ಎಂದು ಬರೆಯುವುದು ಅನ್ಯಾಯ. ‘ಅಪರಾಜಿತೊ’ದಲ್ಲಿ ಬನಾರಸಿನ ಮನೆಯ ಅಂಗಳಕ್ಕೆ ಬೀಳುವ ಬೆಳಕು ನಿಜವಾದ ಆಕಾಶದಿಂದ ಬಂದದ್ದಲ್ಲ. ಅದು ಸ್ಟುಡಿಯೋದಲ್ಲಿ ಕಟ್ಟಿದ ಸೆಟ್; ಛಾಯಾಗ್ರಾಹಕ ಸುಬ್ರತ ಮಿತ್ರ ಅಂಗಳದ ಮೇಲೆ ಬಿಳಿ ಬಟ್ಟೆ ಬಿಗಿದು, ದೀಪಗಳ ಬೆಳಕನ್ನು ಅದಕ್ಕೆ ಹೊಡೆಸಿ ಕೆಳಗೆ ಚೆಲ್ಲುವಂತೆ ಮಾಡಿದರು. ನೆರಳುಗಳು ಮೆತ್ತಗಾದವು. ಚಾರುವಿನ ಮನೆಯ ಒಳಾಂಗಣವೂ ಸೆಟ್. ಅದು ಕಲಾನಿರ್ದೇಶಕ ಬನ್ಸಿ ಚಂದ್ರಗುಪ್ತ ಅವರ ಕೆಲಸ. ಸಂಕಲನ ದುಲಾಲ್ ದತ್ತ ಅವರದು. ಹೀಗಾಗಿ ‘ರಾಯ್ ಅವರ ಬೆಳಕು’ ಎಂದು ಬರೆಯುವ ಮೊದಲು, ಛಾಯಾಗ್ರಾಹಕ ಬದಲಾದ ಮೇಲೂ ಆ ಗುಣ ಉಳಿಯಿತೇ ಎಂದು ನೋಡಬೇಕು. ಇನ್ನೊಂದು ಬದಿಯೂ ಇದೆ: ರಾಯ್ ಸ್ವತಃ ಜಾಹೀರಾತು ಕಂಪನಿಯಲ್ಲಿ ಚಿತ್ರಕಾರರಾಗಿದ್ದವರು, ಕೆಂಪು ಬಟ್ಟೆಯ ಹೊದಿಕೆಯ ಖಾತೆಪುಸ್ತಕಗಳಲ್ಲಿ ದೃಶ್ಯಗಳನ್ನು ಬರೆದಿಟ್ಟುಕೊಳ್ಳುತ್ತಿದ್ದವರು, 1961ರ ‘ತೀನ್ ಕನ್ಯಾ’ದಿಂದ ತಮ್ಮ ಚಿತ್ರಗಳಿಗೆ ತಾವೇ ಸಂಗೀತ ಕೂಡಿಸಿದವರು. ಅವರ ವಿಷಯದಲ್ಲಿ ನಿರ್ದೇಶಕನ ಪಾಲು ಹೆಚ್ಚೇ.

ಸಂದರ್ಭವನ್ನೂ ಮರೆಯಬಾರದು. ‘ಪಥೇರ್ ಪಾಂಚಾಲಿ’ಯ ಚಿತ್ರೀಕರಣ 1952ರಲ್ಲಿ ಕಾಶ್ ಹುಲ್ಲಿನ ಬಯಲಿನಲ್ಲೇ ಶುರುವಾಯಿತು. ಮುಂದಿನ ವಾರ ಹೋಗಿ ನೋಡಿದರೆ ದನಗಳು ಹೂವನ್ನೆಲ್ಲ ಮೇದಿದ್ದವು. ಮತ್ತೆ ಅರಳಲು ಇನ್ನೊಂದು ಋತು ಕಾಯಬೇಕಾಯಿತು. ಹಣಕ್ಕೆ ಪರದಾಡಿ, ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರದ ನೆರವಿನಿಂದ ಚಿತ್ರ ಮುಗಿಯಿತು. 1989ರ ‘ಗಣಶತ್ರು’ ಬಹುತೇಕ ಕೋಣೆಗಳೊಳಗೆ, ಮಾತಿನ ಮೇಲೆ ನಡೆಯುತ್ತದೆ; 1983ರ ಹೃದಯಾಘಾತದ ಬಳಿಕ ಹೊರಾಂಗಣದಲ್ಲಿ ದುಡಿಯಲು ವೈದ್ಯರ ಅನುಮತಿ ಇರಲಿಲ್ಲ ಎಂಬುದನ್ನು ತಿಳಿಯದೆ ಅದನ್ನು ‘ಶೈಲಿಯ ಬದಲಾವಣೆ’ ಎಂದು ಕರೆದರೆ ಮಾತು ಜಾರುತ್ತದೆ.

ಒಂಬತ್ತನೆಯ ಹೆಜ್ಜೆ: ಎದುರಾಳಿ ಚಿತ್ರ

ರಾಯ್ ಅವರದು ಸದ್ದಿಲ್ಲದ, ತಂತ್ರ ಮೆರೆಸದ ಶೈಲಿ ಎಂದು ಬರೆಯಲು ಕೈ ಹೋಗುತ್ತಿದ್ದರೆ ‘ಪ್ರತಿದ್ವಂದಿ’ಯನ್ನು ಹಾಕಿ ನೋಡಿ. ತಂದೆಯ ಸಾವಿನ ಆರಂಭದ ದೃಶ್ಯವೇ ನೆಗೆಟಿವ್‌ನಲ್ಲಿದೆ: ಕಪ್ಪು ಇರಬೇಕಾದಲ್ಲಿ ಬಿಳುಪು, ಬಿಳುಪು ಇರಬೇಕಾದಲ್ಲಿ ಕಪ್ಪು. ಕೆಲಸ ಹುಡುಕುವ ಸಿದ್ಧಾರ್ಥನ ತಲೆಯೊಳಗಿನ ನೆನಪು, ಕಲ್ಪನೆಗಳು ನಡುನಡುವೆ ನುಗ್ಗುತ್ತವೆ. ಹಾಗಾದರೆ ಕಿಂಡಿಯ ಸಿದ್ಧಾಂತ ಬಿದ್ದುಹೋಯಿತೇ? ಪೂರ್ತಿ ಅಲ್ಲ. ಹಿಂದಿನ ಚಿತ್ರಗಳಲ್ಲಿ ಪಾತ್ರಗಳು ಕಿಂಡಿಯಿಂದ ಹೊರಗೆ ನೋಡುತ್ತಿದ್ದವು, ನಾವು ಅವುಗಳನ್ನು ಹೊರಗಿನಿಂದ ನೋಡುತ್ತಿದ್ದೆವು. ಇಲ್ಲಿ ಕ್ಯಾಮೆರಾ ಪಾತ್ರದ ತಲೆಯೊಳಕ್ಕೇ ಹೊಕ್ಕಿದೆ. 1970ರ ಕಲ್ಕತ್ತೆಯ ಯುವಕನಿಗೆ ಆಸೆಯಿಂದ ನೋಡಬಹುದಾದ ಆಚೆಯ ಲೋಕವೊಂದು ಉಳಿದಿಲ್ಲ ಎನ್ನಬಹುದೇನೋ. ಎನ್ನಬಹುದೇನೋ ಎಂದೇ ಬರೆಯಿರಿ. ಸಾಕ್ಷಿ ಎಷ್ಟಿದೆಯೋ ಅಷ್ಟೇ ಬಲದ ಕ್ರಿಯಾಪದ ಇರಲಿ.

ಹತ್ತನೆಯ ಹೆಜ್ಜೆ: ಬರೆಯುವುದು

ಬರೆಯುವಾಗ ನೋಡಿದ ಕ್ರಮದಲ್ಲೇ ಎಲ್ಲವನ್ನೂ ಸುರಿಯಬೇಡಿ. ನಿಮ್ಮ ಮುಖ್ಯ ವಾಕ್ಯಕ್ಕೆ ಅತಿ ಗಟ್ಟಿ ಆಧಾರವಾದ ಒಂದು ದೃಶ್ಯದಿಂದ ಆರಂಭಿಸಿ, ಕಥೆಯನ್ನು ಮೂರು ನಾಲ್ಕು ಸಾಲಿಗೆ ಮೀರದಂತೆ ಹೇಳಿ, ಉಳಿದ ದೃಶ್ಯಗಳನ್ನು ಅದರ ಬೆಂಬಲಕ್ಕೆ ತನ್ನಿ. ಎದುರು ಸಾಕ್ಷಿಯನ್ನು ಬಚ್ಚಿಡಬೇಡಿ. ಬರೆದು ಮುಗಿಸಿದ ಮೇಲೆ ಪ್ರತಿ ಪ್ಯಾರಾದ ಅಂಚಿನಲ್ಲಿ ‘ಯಾವ ಷಾಟ್?’ ಎಂದು ಬರೆದು ನೋಡಿ. ಉತ್ತರವಿಲ್ಲದ ಪ್ಯಾರಾವನ್ನು ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕಬಹುದು.

ಅಭ್ಯಾಸಕ್ಕೆ ಕನ್ನಡದ್ದೇ ಒಂದು ಚಿತ್ರ ಬೇಕೆಂದರೆ, ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 1977ರಲ್ಲಿ ಮಾಡಿದ ‘ಘಟಶ್ರಾದ್ಧ’ವನ್ನು ತೆಗೆದುಕೊಳ್ಳಿ. ಅಲ್ಲಿಯೂ ದೊಡ್ಡವರ ಲೋಕವನ್ನು ನೋಡುವ ಒಬ್ಬ ಹುಡುಗನಿದ್ದಾನೆ. ವೇದಪಾಠಕ್ಕೆಂದು ಉಡುಪರ ಮನೆಗೆ ಬಂದ ನಾಣಿ, ಬಸುರಾದ ವಿಧವೆ ಯಮುನೆಗೆ ಆಗುವುದನ್ನೆಲ್ಲ ಅರೆಬರೆ ಅರ್ಥವಾಗುತ್ತಾ ನೋಡುತ್ತಾನೆ. ಅಪುವಿನ ಕಣ್ಣು ಕಿಂಡಿಯಾಚೆ ಕಂಡದ್ದು ದೂರದ ರೈಲು. ನಾಣಿಗೆ ಕಾಣುವುದು ಮನೆಯೊಳಗಿನ ಬಹಿಷ್ಕಾರ. ಕೊನೆಯಲ್ಲಿ ಅಪ್ಪ ಅವನನ್ನು ಊರಿಗೆ ಕರೆದೊಯ್ಯುವಾಗ ತಲೆ ಬೋಳಿಸಿದ ಯಮುನೆ ಮರದ ಕೆಳಗೆ ಕುಳಿತಿದ್ದಾಳೆ. ಆ ಕೊನೆಯ ನೋಟವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಕ್ಯಾಮೆರಾ ಎಷ್ಟು ದೂರದಲ್ಲಿದೆ, ಯಾರ ಕಣ್ಣಿನ ಎತ್ತರದಲ್ಲಿದೆ, ಯಾವ ಸದ್ದು ಉಳಿದಿದೆ ಎಂದು ಬರೆದುಕೊಂಡು, ಆ ಹಾಳೆಯನ್ನು ಕೆರೆಯ ದಂಡೆಯಲ್ಲಿ ನಿಂತ ಅಪುವಿನ ಹಾಳೆಯ ಪಕ್ಕದಲ್ಲಿಡಿ.